ಅಜ್ಜಿಯ ತೋಳಿನ ಕಲೆ

ಪ್ರೀತಿಯ ಮಕ್ಕಳೇ, ಮಕ್ಕಳ ಪಕ್ಕದಲ್ಲಿ ಕನ್ನಡಕ ಏರಿಸಿಕೊಂಡು ಕೂತಿರುವ ಅಜ್ಜ ಅಜ್ಜಿಯರೇ,

ಕಳೆದ ಭಾನುವಾರ ಬಲಿಪೂಜೆ ಮುಗಿಸಿ ಬಂದ ಮೇಲೆ ನಾನು ಜಗಲಿಯಲ್ಲಿ ಕೂತು ಬಸಳೆ ಸೊಪ್ಪು ಬಿಡಿಸುತ್ತಿದ್ದೆ. ಐದನೆಯ ತರಗತಿಯಲ್ಲಿ ಓದುವ ಮೊಮ್ಮಗಳು ನೋಟ್‌ಪುಸ್ತಕ ಹಿಡಿದು ಬಂದಳು. ಧರ್ಮೋಪದೇಶದ ತರಗತಿಯಲ್ಲಿ ಟೀಚರ್ ಮನೆಕೆಲಸ ಕೊಟ್ಟಿದ್ದರು. ‘ಯೇಸುಸ್ವಾಮಿಯನ್ನು ಹಿಂಬಾಲಿಸುವುದು ಎಂದರೇನು? ಹತ್ತು ವಾಕ್ಯ ಬರೆಯಿರಿ.’

“ಎಷ್ಟು ಬರೆದೆ?” ಎಂದು ಕೇಳಿದೆ.

“ಮೂರು. ದಿನಾ ಪ್ರಾರ್ಥನೆ ಮಾಡಬೇಕು. ಭಾನುವಾರ ಚರ್ಚಿಗೆ ಹೋಗಬೇಕು. ಸುಳ್ಳು ಹೇಳಬಾರದು. ಆಮೇಲೆ ಏನೂ ಹೊಳೀತಾ ಇಲ್ಲ ಅಜ್ಜಿ.”

ಪೆನ್ಸಿಲಿನ ತುದಿ ಕಚ್ಚುತ್ತಾ ಕೂತವಳ ಕಣ್ಣು ನನ್ನ ತೋಳಿನ ಮೇಲೆ ಬಿತ್ತು. ಅಲ್ಲಿ ಎಂಟಾಣೆ ನಾಣ್ಯದಷ್ಟು ಅಗಲದ, ಸುಕ್ಕುಗಟ್ಟಿದ ಒಂದು ದುಂಡು ಕಲೆಯಿದೆ.

“ಇದೇನು ಅಜ್ಜಿ? ಸುಟ್ಟದ್ದಾ?”

“ಅಲ್ಲ ಮಗಾ, ದಾಕು ಹಾಕಿದ್ದು” ಎಂದೆ. ಅವಳಿಗೆ ಆ ಮಾತೇ ಗೊತ್ತಿರಲಿಲ್ಲ. ನಿಮ್ಮಲ್ಲೂ ಬಹಳ ಮಂದಿಗೆ ಗೊತ್ತಿರಲಾರದು. ಆದ್ದರಿಂದ ಅವಳಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ.

ನಾವು ಚಿಕ್ಕವರಿದ್ದಾಗ ಸಿಡುಬು ಎಂಬ ಕಾಯಿಲೆಯಿತ್ತು. ಮೊದಲು ಜೋರು ಜ್ವರ, ಆಮೇಲೆ ಮೈತುಂಬ ಕೀವು ತುಂಬಿದ ಗುಳ್ಳೆಗಳು. ಬಂದವರಲ್ಲಿ ಎಷ್ಟೋ ಮಂದಿ ಸಾಯುತ್ತಿದ್ದರು. ಬದುಕಿದವರ ಮುಖದ ಮೇಲೆ ಗುಳಿಗಳು ಉಳಿಯುತ್ತಿದ್ದವು. ಕೆಲವರ ಕಣ್ಣೇ ಹೋಗುತ್ತಿತ್ತು. ಅದು ಬಾರದ ಹಾಗೆ ತಡೆಯಲು ಸರಕಾರದವರು ಊರೂರಿಗೆ ಬಂದು ದಾಕು ಹಾಕುತ್ತಿದ್ದರು. ಸಣ್ಣ ಹಲ್ಲುಗಳಿದ್ದ ಒಂದು ಬಿಲ್ಲೆಯನ್ನು ತೋಳಿಗೆ ಒತ್ತಿ ಗಿರ್ರನೆ ತಿರುಗಿಸುವರು. ಅದು ಹುಣ್ಣಾಗಿ, ಒಣಗಿ, ಇಂಥ ಕಲೆ ಉಳಿಯುವುದು. ದಾಕಿನವರು ಬಂದರೆಂದು ತಿಳಿದರೆ ನಾವೆಲ್ಲ ಹುಲ್ಲಿನ ಮೆದೆಯ ಹಿಂದೆ ಅಡಗುತ್ತಿದ್ದೆವು!

“ಈಗ ಆ ಸಿಡುಬು ಎಲ್ಲಿದೆ?”

“ಎಲ್ಲೂ ಇಲ್ಲ. ನಮ್ಮ ದೇಶದಲ್ಲಿ 1975ಕ್ಕೆ ಮುಗಿಯಿತು. ಇಡೀ ಲೋಕದಿಂದಲೇ ಅದು ತೊಲಗಿತೆಂದು 1980ರಲ್ಲಿ ಸಾರಿದರು. ಅದಕ್ಕೇ ನಿನ್ನ ತೋಳಿನಲ್ಲಿ ಈ ಕಲೆಯಿಲ್ಲ.”

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು: “ನಮ್ಮ ಕ್ಲಾಸಿನ ಒಬ್ಬ ಹುಡುಗನಿಗೆ ಚಿಕನ್‌ಪಾಕ್ಸ್ ಆಗಿತ್ತು. ಈಗ ವಾಸಿಯಾಗಿ ಬಂದಿದ್ದಾನೆ. ಯಾರೂ ಅವನ ಬೆಂಚಿನಲ್ಲಿ ಕೂರೋದಿಲ್ಲ.”

“ನೀನು?”

ಅವಳು ತಲೆ ತಗ್ಗಿಸಿದಳು. “ಹೆದರಿಕೆ ಆಗುತ್ತೆ ಅಜ್ಜಿ.”

ನಾನು ಬೈಯಲಿಲ್ಲ. ಯಾಕೆ ಬೈಯಲಿಲ್ಲ ಎಂಬುದನ್ನು ಕೊನೆಯಲ್ಲಿ ಹೇಳುತ್ತೇನೆ. ಅದಕ್ಕೆ ಮೊದಲು ಅವಳಿಗೆ ಒಂದು ಕಥೆ ಹೇಳಿದೆ. ಅದು ಕಟ್ಟುಕಥೆಯಲ್ಲ, ನಡೆದದ್ದು. ನಮ್ಮ ಕರಾವಳಿಯ ಹಾದಿಗಳಲ್ಲಿ ನಡೆದಾಡಿದ ಒಬ್ಬರ ಕಥೆ.

* * *

ಗೋವೆಯ ಬೆಣಾವ್ಲಿ ಎಂಬ ಊರಿನಲ್ಲಿ 1651ರ ಏಪ್ರಿಲ್ 21ರಂದು ಒಂದು ಮಗು ಹುಟ್ಟಿತು. ಹೆಸರು ಜೋಸೆಫ್ ವಾಜ್. ಮನೆಮಾತು ಕೊಂಕಣಿ. ಹುಡುಗ ಚೆನ್ನಾಗಿ ಓದಿದ, ಪೋರ್ಚುಗೀಸ್ ಕಲಿತ, ಲ್ಯಾಟಿನ್ ಕಲಿತ, 1676ರಲ್ಲಿ ಗುರುಗಳಾದ. ಬಯಸಿದ್ದರೆ ಗೋವೆಯಲ್ಲೇ ನೆಮ್ಮದಿಯಾಗಿ ಇರಬಹುದಿತ್ತು. ಆದರೆ ವಾಜ್ ಗುರುಗಳು ಬಡವರ ಹಾಗೆ ಬರಿಗಾಲಿನಲ್ಲೇ ನಡೆಯುತ್ತಿದ್ದರು.

1681ರಲ್ಲಿ ಅವರನ್ನು ನಮ್ಮ ಕಡೆಗೆ, ಅಂದರೆ ಕೆನರಾಕ್ಕೆ ಕಳುಹಿಸಿದರು. ಆಗ ಇಲ್ಲಿ ಯಾರ ಆಳ್ವಿಕೆ ಗೊತ್ತೇ? ನಿಮ್ಮ ಪಾಠಪುಸ್ತಕದಲ್ಲಿ ಬರುವ ಕೆಳದಿಯ ರಾಣಿ ಚೆನ್ನಮ್ಮನದು. ಮಂಗಳೂರು, ಬಸ್ರೂರು, ಗಂಗೊಳ್ಳಿ ಮುಂತಾದ ಊರುಗಳಲ್ಲಿ ಕ್ರೈಸ್ತರಿದ್ದರು. ಆದರೆ ಅವರ ನಡುವೆ ಒಂದು ಜಗಳವಿತ್ತು. ಇಲ್ಲಿನ ಧರ್ಮಸಭೆ ಯಾರ ಅಧಿಕಾರಕ್ಕೆ ಸೇರಿದ್ದು, ಗೋವೆಯ ಮಹಾಧರ್ಮಾಧ್ಯಕ್ಷರಿಗೋ ಅಥವಾ ರೋಮ್‌ನಿಂದ ನೇಮಕವಾಗಿ ಬಂದ ಧರ್ಮಾಧ್ಯಕ್ಷರಿಗೋ ಎಂಬ ಜಗಳ. ದೊಡ್ಡವರು ಹೀಗೆ ಎಳೆದಾಡಿದರೆ ನರಳುವವರು ಸಾಮಾನ್ಯ ಜನ. ‘ಇವರ ಹತ್ತಿರ ಹೋದರೆ ಅವರಿಗೆ ಸಿಟ್ಟು, ಅವರ ಹತ್ತಿರ ಹೋದರೆ ಇವರಿಗೆ ಸಿಟ್ಟು, ನಾವು ಎಲ್ಲಿಗೆ ಹೋಗುವುದು?’ ಎನ್ನುವ ಸ್ಥಿತಿ. ವಾಜ್ ಗುರುಗಳು ಗೋವೆಯ ಪರವಾಗಿ ಬಂದವರೇ. ಆದರೂ ಜಗಳವನ್ನು ಹೆಚ್ಚಿಸಲಿಲ್ಲ. ತಾಳ್ಮೆಯಿಂದ ಮಾತಾಡಿ ಸಮಾಧಾನದ ದಾರಿ ಹುಡುಕಿದರು. ಉಳಿದ ಹೊತ್ತಿನಲ್ಲಿ ಊರಿಂದೂರಿಗೆ ನಡೆದು, ಮಕ್ಕಳಿಗೆ ಪಾಠ ಹೇಳಿ, ಕಾಯಿಲೆಯವರನ್ನು ನೋಡಿ ಬಂದರು.

ಮಂಗಳೂರಿನಿಂದ ಕೊಣಾಜೆಯ ವಿಶ್ವವಿದ್ಯಾಲಯ ದಾಟಿ ಮುಂದೆ ಹೋದರೆ ಮುಡಿಪು ಸಿಗುತ್ತದೆ. ಅಲ್ಲಿನ ಗುಡ್ಡದಲ್ಲಿ ಇವರ ಹೆಸರಿನ ಪುಣ್ಯಕ್ಷೇತ್ರವಿದೆ. ಗುರುಗಳು ಮೊಣಕಾಲೂರಿ ಪ್ರಾರ್ಥಿಸಿದ ಜಾಗದಲ್ಲಿ ನೀರಿನ ಒರತೆ ಎದ್ದಿತೆಂದು ಅಲ್ಲಿಯ ಜನ ತಲೆತಲಾಂತರದಿಂದ ಹೇಳುತ್ತಾ ಬಂದಿದ್ದಾರೆ. ನಿಮ್ಮ ಅಜ್ಜ ಅಜ್ಜಿ ಕರಾವಳಿಯವರಾದರೆ ಕೇಳಿ ನೋಡಿ, ಅವರು ಅಲ್ಲಿಗೆ ಹೋಗಿರಲೂಬಹುದು.

* * *

ಕೆನರಾದಲ್ಲಿದ್ದಾಗಲೂ ಗುರುಗಳ ಮನಸ್ಸಿನಲ್ಲಿ ಒಂದು ನಾಡು ಕೂತುಬಿಟ್ಟಿತ್ತು. ಅದು ಶ್ರೀಲಂಕೆ.

ಅಲ್ಲಿನ ಕರಾವಳಿ ಮೊದಲು ಪೋರ್ಚುಗೀಸರ ಕೈಯಲ್ಲಿತ್ತು. 1658ರಲ್ಲಿ ಡಚ್ಚರು ಅವರನ್ನು ಪೂರ್ತಿ ಓಡಿಸಿದರು. ಡಚ್ಚರೂ ಯೇಸುವನ್ನು ನಂಬುವವರೇ, ಆದರೆ ಬೇರೆ ಸಭೆಯವರು. ಆ ಕಾಲದಲ್ಲಿ ಯುರೋಪಿನ ಸಭೆಗಳ ನಡುವೆ ಕಡುಹಗೆಯಿತ್ತು. ಅಧಿಕಾರ ಸಿಕ್ಕವರು ಸಿಗದವರಿಗೆ ಕಷ್ಟ ಕೊಡುತ್ತಿದ್ದರು. ಪೋರ್ಚುಗೀಸರೂ ಇದರಲ್ಲಿ ಹಿಂದೆ ಬಿದ್ದವರಲ್ಲ. ಈಗ ಡಚ್ಚರ ಸರದಿ. ಕಥೋಲಿಕ ಗುರುಗಳು ದ್ವೀಪಕ್ಕೆ ಕಾಲಿಡಕೂಡದು, ಬಲಿಪೂಜೆ ನಡೆಯಕೂಡದು ಎಂದು ಕಟ್ಟಪ್ಪಣೆ ಮಾಡಿದರು.

ಹೀಗೆ ಸುಮಾರು ಮೂವತ್ತು ವರ್ಷ ಕಳೆಯಿತು. ಮಕ್ಕಳೇ, ಒಂದು ಲೆಕ್ಕ ಮಾಡಿ ನೋಡಿ. 1658ರಲ್ಲಿ ಹತ್ತು ವರ್ಷದವಳಿದ್ದ ಹುಡುಗಿ 1687ರಲ್ಲಿ ಎಷ್ಟು ವರ್ಷದವಳು? ಮೂವತ್ತೊಂಬತ್ತು. ಅವಳ ಮಕ್ಕಳು ಒಂದು ಸಲವೂ ಗುರುಗಳ ಮುಖ ನೋಡಿದವರಲ್ಲ. ಬಲಿಪೂಜೆ ಹೇಗಿರುತ್ತದೆ ಎಂದು ಹೇಳಲು ಮನೆಯಲ್ಲಿ ಹಿರಿಯರೇ ಬೇಕು. ಆದರೂ ಅಲ್ಲಿನ ಎಷ್ಟೋ ಮನೆಗಳಲ್ಲಿ ಪ್ರಾರ್ಥನೆ ನಿಲ್ಲಲಿಲ್ಲ. ಬಾಗಿಲು ಹಾಕಿಕೊಂಡು, ದನಿ ತಗ್ಗಿಸಿ ಹಿರಿಯರು ಕಿರಿಯರಿಗೆ ಕಲಿಸಿದರು. ಚರ್ಚಿನ ಕಟ್ಟಡ ಕೈತಪ್ಪಿತ್ತು, ಗಂಟೆಯ ಸದ್ದಿರಲಿಲ್ಲ, ಗುರುಗಳಿರಲಿಲ್ಲ. ಆ ಮೂವತ್ತು ವರ್ಷ ಧರ್ಮಸಭೆ ಉಳಿದದ್ದು ಅಡುಗೆಮನೆಗಳಲ್ಲಿ, ಅಜ್ಜಿಯರ ಬಾಯಿಯಲ್ಲಿ.

ಈ ಜನರ ಸುದ್ದಿ ಕೇಳಿದ ವಾಜ್ ಗುರುಗಳಿಗೆ ಸುಮ್ಮನಿರಲಾಗಲಿಲ್ಲ. ಗೋವೆಗೆ ಮರಳಿದ ಮೇಲೆ ಅಲ್ಲಿನ ಕೆಲವು ಗುರುಗಳ ಜೊತೆ ಸೇರಿ ‘ಓರಟರಿ’ ಎಂಬ ಬಳಗವನ್ನು ನೆಲೆಗೊಳಿಸಿದರು. ಅದಕ್ಕೆ ಮುಖ್ಯಸ್ಥರೂ ಆದರು. ಮರುವರ್ಷವೇ, 1686ರಲ್ಲಿ, ಆ ಸ್ಥಾನ ಬಿಟ್ಟು ಹೊರಟುಬಿಟ್ಟರು. ಜೊತೆಗೆ ಜುವಾಂವ್ ಎಂಬ ಸಹಾಯಕ. ತೂತುಕುಡಿಯವರೆಗೆ ಹೋಗಿ ಹಡಗು ಹತ್ತಿದರು. ಗುರುಗಳ ನಿಲುವಂಗಿಯಲ್ಲಿ ಹೋದರೆ ದಡದಲ್ಲೇ ಹಿಡಿಯುತ್ತಿದ್ದರು. ಅದಕ್ಕೇ ಕೂಲಿಯಾಳಿನ ವೇಷ.

1687ರಲ್ಲಿ ಜಾಫ್ನಾ ತಲುಪುವ ಹೊತ್ತಿಗೆ ಗುರುಗಳಿಗೆ ರಕ್ತಭೇದಿ ಹಿಡಿದು ಮೈ ಸೊರಗಿತ್ತು. ಗುರುತಿನವರು ಒಬ್ಬರೂ ಇಲ್ಲ. ‘ಇಲ್ಲಿ ಕಥೋಲಿಕರು ಯಾರಿದ್ದೀರಿ?’ ಎಂದು ಕೇಳುವ ಹಾಗಿಲ್ಲ, ಕೇಳಿದರೆ ಸೆರೆಮನೆ. ಹಾಗಾದರೆ ಗುರುತು ಹಿಡಿಯುವುದು ಹೇಗೆ?

ನನ್ನ ಮೊಮ್ಮಗಳು ಇಲ್ಲಿ ಕಥೆ ನಿಲ್ಲಿಸಿ ತಾನೇ ಯೋಚಿಸಿದಳು. “ಗುಟ್ಟಾಗಿ ಚೀಟಿ ಕಳಿಸಬಹುದಿತ್ತು” ಎಂದಳು. ನೀವೂ ಯೋಚಿಸಿ.

ಗುರುಗಳು ಮಾಡಿದ್ದು ಇಷ್ಟೇ. ಕುತ್ತಿಗೆಗೆ ಜಪಮಾಲೆ ಹಾಕಿಕೊಂಡು ಮನೆಯಿಂದ ಮನೆಗೆ ಭಿಕ್ಷೆ ಬೇಡುತ್ತಾ ಹೋದರು. ಗೊತ್ತಿಲ್ಲದವರ ಕಣ್ಣಿಗೆ ಅದು ಬರೀ ಮಣಿಸರ. ಗೊತ್ತಿದ್ದವರ ಕಣ್ಣು ಅದನ್ನು ನೋಡಿದ ಕೂಡಲೇ ಅರಳುವುದು. ಆ ಕಣ್ಣುಗಳನ್ನು ಗುರುಗಳು ಗಮನಿಸುತ್ತಿದ್ದರು. ಹೀಗೆ ಒಂದೊಂದೇ ಮನೆ ಗೊತ್ತಾಯಿತು. ರಾತ್ರಿ ಎಲ್ಲರೂ ಮಲಗಿದ ಮೇಲೆ ಒಬ್ಬರ ಮನೆಯಲ್ಲಿ ಕೂಡಿ ಬಲಿಪೂಜೆ ಮಾಡುವರು, ಬೆಳಗಾಗುವ ಮೊದಲೇ ಚದುರುವರು. ಮೂವತ್ತು ವರ್ಷದ ಬಳಿಕ ಪರಮಪ್ರಸಾದ ಸ್ವೀಕರಿಸಿದ ಆ ಮುದುಕ ಮುದುಕಿಯರ ಕೈ ಹೇಗೆ ನಡುಗಿರಬೇಕು!

1689ರ ಕ್ರಿಸ್ಮಸ್ ರಾತ್ರಿ ಡಚ್ಚರ ಸಿಪಾಯಿಗಳು ಜಾಫ್ನಾದಲ್ಲಿ ಕಥೋಲಿಕರ ಮೇಲೆ ಎರಗಿದರು. ಹಲವರಿಗೆ ಸೆರೆಯಾಯಿತು. ಗುರುಗಳು ಮಾತ್ರ ಸಿಗಲಿಲ್ಲ. ಅವರು ಪುತ್ತಲಂ ಕಡೆಗೆ ಬಂದರು. ಅದು ಕ್ಯಾಂಡಿಯ ಬೌದ್ಧ ರಾಜನ ಸೀಮೆ, ಅಲ್ಲಿ ಡಚ್ಚರ ಆಜ್ಞೆ ನಡೆಯುತ್ತಿರಲಿಲ್ಲ.

* * *

1692ರಲ್ಲಿ ರಾಜಧಾನಿ ಕ್ಯಾಂಡಿಗೆ ಹೊರಟಾಗ ಅವರಿಗೆ ಮಾಲೆ ಮರ್ಯಾದೆ ಕಾದಿರಲಿಲ್ಲ, ಕೋಳ ಕಾದಿತ್ತು. ‘ಇವನು ಪೋರ್ಚುಗೀಸರ ಗೂಢಚಾರ’ ಎಂದು ಯಾರೋ ರಾಜನಿಗೆ ಚಾಡಿ ಹೇಳಿದ್ದರು. ಗುರುಗಳನ್ನೂ ಜೊತೆಗಿದ್ದವರನ್ನೂ ಸೆರೆಗೆ ಹಾಕಿದರು.

ಸೆರೆಯಲ್ಲಿ ಕೂತು ಅವರು ಏನು ಮಾಡಿದರು ಗೊತ್ತೇ? ಸಿಂಹಳ ಭಾಷೆ ಕಲಿತರು! ನಾಳೆ ಬಿಡುಗಡೆಯಾದರೆ ಈ ಜನರ ಜೊತೆ ಮಾತಾಡಬೇಕಲ್ಲ! ಕಾವಲು ಸಡಿಲವಾದ ಮೇಲೆ ಅಲ್ಲೇ ಒಂದು ಗುಡಿಸಲು ಕಟ್ಟಿ ಪೂಜೆಯ ಜಾಗ ಮಾಡಿಕೊಂಡರು. ಈ ಮನುಷ್ಯನಲ್ಲಿ ಕಪಟವಿಲ್ಲ ಎಂಬುದು ಅರಮನೆಗೂ ನಿಧಾನಕ್ಕೆ ಅರಿವಾಯಿತು. ಮುಂದೊಮ್ಮೆ ಮಳೆ ಇಲ್ಲದೆ ನಾಡು ಒಣಗಿದಾಗ ರಾಜನೇ ಪ್ರಾರ್ಥಿಸಲು ಕೇಳಿಕೊಂಡನಂತೆ. ಗುರುಗಳು ಬಯಲಿನಲ್ಲಿ ಶಿಲುಬೆ ನಿಲ್ಲಿಸಿ ಮೊಣಕಾಲೂರಿದಾಗ ಮಳೆ ಸುರಿಯಿತೆಂದು ಲಂಕೆಯ ಜನ ಇಂದಿಗೂ ಹೇಳುತ್ತಾರೆ.

ಆದರೆ ನಾನು ಈ ಕಥೆ ಹೇಳಲು ಹೊರಟದ್ದು ಮಳೆಗಾಗಿ ಅಲ್ಲ. ಸಿಡುಬಿಗಾಗಿ.

1697ರಲ್ಲಿ ಕ್ಯಾಂಡಿಗೆ ಸಿಡುಬು ಬಂತು. ಆಗ ದಾಕು ಇರಲಿಲ್ಲ. ಎಡ್ವರ್ಡ್ ಜೆನ್ನರ್ ಎಂಬ ಇಂಗ್ಲೆಂಡಿನ ವೈದ್ಯರು ಲಸಿಕೆಯ ಪ್ರಯೋಗ ಮಾಡಿದ್ದು 1796ರಲ್ಲಿ, ಇನ್ನೂ ನೂರು ವರ್ಷದ ದೂರದಲ್ಲಿ. ಕಾಲಿಗೆ ಬಲವಿದ್ದವರೆಲ್ಲ ನಗರ ಬಿಟ್ಟು ಓಡಿದರು. ಅರಮನೆಯವರೂ ಹೊರಟುಹೋದರು. ಕಾಯಿಲೆ ಬಿದ್ದವರನ್ನು ಮನೆಯವರೇ ಕಾಡಿನಂಚಿಗೆ ಒಯ್ದು ಬಿಡುತ್ತಿದ್ದರು. ಅವರು ಕೆಟ್ಟವರೆಂದು ಎಣಿಸಬೇಡಿ ಮಕ್ಕಳೇ. ಉಳಿದ ಮಕ್ಕಳಾದರೂ ಬದುಕಲಿ ಎಂಬ ಭಯ ಅದು.

ವಾಜ್ ಗುರುಗಳೂ ಹೋಗಬಹುದಿತ್ತು. ಯಾರೂ ತಪ್ಪೆನ್ನುತ್ತಿರಲಿಲ್ಲ. ‘ನಾನು ಸತ್ತರೆ ಈ ಕ್ರೈಸ್ತರಿಗೆ ದಿಕ್ಕು ಯಾರು?’ ಎಂದು ಸಮಾಧಾನ ಹೇಳಿಕೊಳ್ಳಲೂ ಆಗುತ್ತಿತ್ತು. ಆದರೆ ಅವರು ಹೋಗಲಿಲ್ಲ. ಗೋವೆಯಿಂದ ಬಂದಿದ್ದ ಕಾರ್ವಾಲೊ ಎಂಬ ಗುರುಗಳೂ ಅವರ ಜೊತೆಗೆ ನಿಂತರು. ಕಾಯಿಲೆಯವರಿಗೆ ನೆರಳು ಮಾಡಿಕೊಟ್ಟರು. ಗಂಜಿ ಕುಡಿಸಿದರು. ಕೀವು ಸೋರುವ ಮೈ ತೊಳೆದರು. ಸತ್ತವರನ್ನು ತಾವೇ ಹೊತ್ತು ಮಣ್ಣು ಮಾಡಿದರು.

ಇಲ್ಲಿ ಒಂದು ಮಾತು ಗಮನಿಸಿ. ಹಾಗೆ ಬಿದ್ದಿದ್ದವರಲ್ಲಿ ಹೆಚ್ಚಿನವರು ಕ್ರೈಸ್ತರಲ್ಲ. ಗುರುಗಳು ‘ನೀನು ಯಾರವನು?’ ಎಂದು ಕೇಳಲಿಲ್ಲ. ಮತ್ತಾಯನ ಶುಭಸಂದೇಶದ 25ನೆಯ ಅಧ್ಯಾಯವನ್ನು ಮನೆಯಲ್ಲಿ ಯಾರಾದರೂ ದೊಡ್ಡವರ ಕೈಯಲ್ಲಿ ಓದಿಸಿ. ಹಸಿದವರು, ಕಾಯಿಲೆಯವರು, ಸೆರೆಯಲ್ಲಿದ್ದವರು ಇವರ ಬಳಿಗೆ ಹೋದವನು ತನ್ನ ಬಳಿಗೇ ಬಂದ ಹಾಗೆ ಎಂದು ಯೇಸುಸ್ವಾಮಿ ಅಲ್ಲಿ ತಿಳಿಸುತ್ತಾರೆ. ಅಲ್ಲಿಯೂ ‘ನಿನ್ನ ಜಾತಿ ಯಾವುದು, ಸಭೆ ಯಾವುದು’ ಎಂಬ ಪ್ರಶ್ನೆಯಿಲ್ಲ.

“ಗುರುಗಳಿಗೆ ಸಿಡುಬು ಬಂತಾ ಅಜ್ಜಿ?”

“ಇಲ್ಲ ಮಗಾ, ಬದುಕಿದರು. ಆದರೆ ಹತ್ತಿರ ಹೋದಾಗ ಬದುಕುತ್ತೇನೆಂದು ಅವರಿಗೆ ಗೊತ್ತಿರಲಿಲ್ಲವಲ್ಲ!”

ಅಲ್ಲಿಂದ ಮುಂದೆಯೂ ಅವರು ದ್ವೀಪ ಬಿಡಲಿಲ್ಲ. ಧರ್ಮಾಧ್ಯಕ್ಷರಂಥ ದೊಡ್ಡ ಸ್ಥಾನದ ಕರೆ ಬಂದಾಗ ‘ನನಗೆ ಬೇಡ’ ಎಂದರು. ಹುಟ್ಟೂರಿಗೆ ಒಮ್ಮೆಯೂ ಮರಳಲಿಲ್ಲ. ಇಪ್ಪತ್ತನಾಲ್ಕು ವರ್ಷ ದುಡಿದು, 1711ರ ಜನವರಿ 16ರಂದು ಕ್ಯಾಂಡಿಯಲ್ಲೇ ತೀರಿಕೊಂಡರು. ಮುನ್ನೂರು ವರ್ಷಗಳಾದ ಮೇಲೆ, 2015ರ ಜನವರಿ 14ರಂದು, ಪೋಪ್ ಫ್ರಾನ್ಸಿಸ್ ಕೊಲಂಬೊಗೆ ಬಂದು ಕಡಲ ದಂಡೆಯ ಬಯಲಿನಲ್ಲಿ ಅವರನ್ನು ಸಂತರೆಂದು ಸಾರಿದರು. ಶ್ರೀಲಂಕೆಯ ಮೊದಲ ಸಂತರು ಅವರೇ. ಪ್ರತಿ ವರ್ಷ ಜನವರಿ 16 ಅವರ ಹಬ್ಬ.

ಜುವಾಂವ್‌ಗೆ ಹಬ್ಬವಿಲ್ಲ, ಸಂತ ಪದವಿಯೂ ಇಲ್ಲ. ಕತ್ತಲಲ್ಲಿ ಪ್ರಾರ್ಥನೆ ಕಲಿಸಿದ ಜಾಫ್ನಾದ ಅಜ್ಜಿಯರ ಹೆಸರು ಯಾವ ಪುಸ್ತಕದಲ್ಲೂ ಇಲ್ಲ. ಆದರೆ ಅವರೂ ಬಿಟ್ಟುಹೋಗಲಿಲ್ಲ. ನನಗನಿಸುವಂತೆ, ಹಿಂಬಾಲಿಸುವುದೆಂದರೆ ಹೆಚ್ಚಾಗಿ ಇದೇ. ಎಲ್ಲರೂ ಎದ್ದು ಹೋಗುವ ಹೊತ್ತಿನಲ್ಲಿ ಯೇಸುಸ್ವಾಮಿ ಯಾರ ಹತ್ತಿರ ಕೂರುತ್ತಿದ್ದರೋ ಅವರ ಹತ್ತಿರ ಕೂರುವುದು.

* * *

ಈಗ ನಾನು ಮೊಮ್ಮಗಳನ್ನು ಬೈಯದ ಕಾರಣ ಹೇಳಬೇಕು.

ನಾನು ಅವಳಷ್ಟೇ ವಯಸ್ಸಿನವಳಿದ್ದಾಗ ನಮ್ಮ ತೋಟದ ಆಚೆಮನೆಯ ಗೆಳತಿಗೆ ಸಿಡುಬು ಬಂತು. ಅವರ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದರು. ಆ ಕಡೆ ಹೋಗಬೇಡ ಎಂದು ಅಮ್ಮ ಹೇಳಿದರು. ಅದು ಸರಿಯೇ, ಸೋಂಕು ಇರುವಾಗ ಹೋಗಬಾರದು. ಎರಡು ತಿಂಗಳ ಮೇಲೆ ಅವಳು ಪೂರ್ತಿ ವಾಸಿಯಾಗಿ ಶಾಲೆಗೆ ಬಂದಳು. ಹಕ್ಕಳೆಗಳೆಲ್ಲ ಬಿದ್ದುಹೋಗಿದ್ದವು, ಮುಖದಲ್ಲಿ ಗುಳಿಗಳು ಮಾತ್ರ ಉಳಿದಿದ್ದವು. ಎಂದಿನಂತೆ ನನ್ನ ಪಕ್ಕದ ಮಣೆಗೆ ಬಂದು ನಿಂತಳು. ನಾನು ಪುಸ್ತಕದ ಚೀಲ ಎತ್ತಿಕೊಂಡು ಹಿಂದಿನ ಸಾಲಿಗೆ ಹೋಗಿ ಕೂತೆ.

ಅವಳು ಏನೂ ಅನ್ನಲಿಲ್ಲ. ಮರುದಿನದಿಂದ ಶಾಲೆಗೆ ಬರಲಿಲ್ಲ. ಆಮೇಲೆ ಅವರ ಮನೆಯವರು ಊರು ಬಿಟ್ಟರು. ಅವಳನ್ನು ನಾನು ಮತ್ತೆ ನೋಡಲೇ ಇಲ್ಲ.

ನನ್ನ ತೋಳಿನಲ್ಲಿ ದಾಕಿನ ಕಲೆಯಿತ್ತು. ಅವಳ ಕಾಯಿಲೆ ವಾಸಿಯಾಗಿತ್ತು. ನನಗೆ ಏನೂ ಆಗುತ್ತಿರಲಿಲ್ಲ. ವಾಜ್ ಗುರುಗಳಿಗೆ ಏನೂ ರಕ್ಷಣೆಯಿರಲಿಲ್ಲ, ಆದರೂ ಕೂತರು. ನನಗೆ ಎಲ್ಲ ರಕ್ಷಣೆಯೂ ಇತ್ತು, ಆದರೂ ಎದ್ದೆ. ಪಾಪನಿವೇದನೆಯಲ್ಲಿ ಹೇಳಿಕೊಂಡಿದ್ದೇನೆ, ಕ್ಷಮೆಯೂ ಸಿಕ್ಕಿದೆ. ಆದರೂ ಸ್ನಾನ ಮಾಡುವಾಗ ಈ ಕಲೆ ಕಣ್ಣಿಗೆ ಬಿದ್ದಾಗಲೆಲ್ಲ ಆ ಮಣೆ ನೆನಪಾಗುತ್ತದೆ.

ಮೊಮ್ಮಗಳು ಕಥೆ ಮುಗಿದ ಮೇಲೆ ಒಂದೇ ಪ್ರಶ್ನೆ ಕೇಳಿದಳು: “ಚಿಕನ್‌ಪಾಕ್ಸ್ ವಾಸಿಯಾದ ಮೇಲೆ ಅಂಟಲ್ವಾ?”

“ಗುಳ್ಳೆಗಳೆಲ್ಲ ಒಣಗಿ ಹಕ್ಕಳೆ ಕಟ್ಟಿದ ಮೇಲೆ ಅಂಟುವುದಿಲ್ಲ. ಬೇಕಾದರೆ ಡಾಕ್ಟರನ್ನು ಕೇಳು” ಎಂದೆ.

ಅವಳು ನೋಟ್‌ಪುಸ್ತಕ ಎತ್ತಿಕೊಂಡು ಒಳಗೆ ಹೋದಳು. ಸೋಮವಾರ ಸಂಜೆ ಶಾಲೆಯಿಂದ ಬಂದವಳು ಬೆಂಚಿನ ಸುದ್ದಿ ಎತ್ತಲಿಲ್ಲ, ನಾನೂ ಕೇಳಲಿಲ್ಲ. ಬುತ್ತಿಯ ಡಬ್ಬಿ ತೊಳೆಯಲು ಹಾಕುತ್ತಾ, “ಅಜ್ಜಿ, ನಾಳೆ ಎರಡು ನೀರುದೋಸೆ ಜಾಸ್ತಿ ಹಾಕು” ಎಂದಳು. “ಯಾಕೆ?” ಎಂದೆ. “ಅವನಿಗೆ ನಿನ್ನ ಚಟ್ನಿ ಇಷ್ಟ ಆಯ್ತು” ಎಂದು ಆಡಲು ಓಡಿದಳು.

ಮಕ್ಕಳೇ, ಈ ವಾರ ನಿಮಗೆ ಎರಡು ಕೆಲಸ. ಒಂದು, ನಿಮ್ಮ ಅಜ್ಜ ಅಜ್ಜಿಯ ತೋಳಿನ ದಾಕಿನ ಕಲೆ ತೋರಿಸಲು ಹೇಳಿ, ಅದರ ಕಥೆ ಕೇಳಿ. ಎರಡು, ನಿಮ್ಮ ತರಗತಿಯಲ್ಲಿ, ಧರ್ಮೋಪದೇಶದ ಬಳಗದಲ್ಲಿ ಯಾರ ಪಕ್ಕದ ಜಾಗ ಖಾಲಿಯಿದೆ ಎಂದು ನೋಡಿ.

ಅಜ್ಜ ಅಜ್ಜಿಯರೇ, ನಿಮಗೂ ಒಂದು ಕೆಲಸವಿದೆ. ಮೊಮ್ಮಕ್ಕಳಿಗೆ ನಾವು ಗೆದ್ದ ಕಥೆಗಳನ್ನು ಬೇಕಾದಷ್ಟು ಹೇಳಿದ್ದೇವೆ. ಈ ವಾರ ನಾವು ಎದ್ದು ಹೋದ ಒಂದು ಕಥೆಯನ್ನೂ ಹೇಳೋಣ. ಹೇಳುವಾಗ ಗಂಟಲು ಕಟ್ಟುತ್ತದೆ, ನನಗೂ ಕಟ್ಟಿತು. ಆದರೆ ಮಕ್ಕಳು ಅದನ್ನು ಗಮನವಿಟ್ಟು ಕೇಳುತ್ತಾರೆ.

ಮುಂದಿನ ವಾರ ಮತ್ತೆ ಸಿಗೋಣ.

ನಿಮ್ಮ ಅಜ್ಜಿ